ಎನ್‌ಬಿಎ ಬಿಟ್ಟು ಜಾಲ್ಗಿರಿಸ್ ಯಾಕೆ?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮಮ್ಮ. ಡಿಸೆಂಬರ್ ತಿಂಗಳ ಒಂದು ರಾತ್ರಿ ನೀರು ಕುಡಿಯೋಕೆ ಎದ್ದು ಬಂದವಳು, ದೀಪ ಆರಿಸಿಕೊಂಡು ಫೋನ್ ಹಿಡಿದು ಕೂತಿದ್ದ ನನ್ನನ್ನು ನೋಡಿ ಬೆಚ್ಚಿಬಿದ್ದಳು.

"ಇಷ್ಟೊತ್ತಲ್ಲಿ ಏನೋ ನೋಡ್ತಿದೀಯ?"

"ಬಾಸ್ಕೆಟ್‌ಬಾಲ್ ಅಮ್ಮ. ಜಾಲ್ಗಿರಿಸ್ ಅಂತ, ಯೂರೋಪಲ್ಲಿ ಲಿಥುವೇನಿಯಾ ಅನ್ನೋ ದೇಶದ ಕ್ಲಬ್ಬು."

"ಅಲ್ಲಿ ನಮ್ಮೋರು ಯಾರಿದಾರೋ?"

ಯಾರೂ ಇಲ್ಲ. ನಾನು ಆ ದೇಶಕ್ಕೆ ಕಾಲಿಟ್ಟಿಲ್ಲ. ಆಮೇಲೆ ಆಫೀಸಿನಲ್ಲಿ, ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬಂದಿದೆ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ನೋಡಬಾರದಾ? ಯೂರೋಪೇ ಬೇಕಂದ್ರೆ ರಿಯಲ್ ಮ್ಯಾಡ್ರಿಡ್‌ನ ಬಾಸ್ಕೆಟ್‌ಬಾಲ್ ತಂಡ ಇದೆಯಲ್ಲ, 11 ಸಲ ಯೂರೋಪಿನ ಕಪ್ ಎತ್ತಿದ ತಂಡ! ನಿಂದು ಗೆದ್ದಿರೋದು ಒಂದೇ ಸಲ, ಅದೂ 1999ರಲ್ಲಿ. ನಿಜ. ಹಾಗಾಗಿ ಒಂದೇ ಸಲ ಕೂತು ಬರೆದುಬಿಡೋಣ ಅಂತ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸ್ತೀನಿ.

ನಾನು ಹಾಳಾಗಿದ್ದು ಒಂದು ವಿಡಿಯೋದಿಂದ. 1980ರ ದಶಕದ ಮಸುಕು ಚಿತ್ರ. 2 ಮೀಟರ್ 21 ಸೆಂಟಿಮೀಟರ್ ಎತ್ತರದ ತೆಳ್ಳನೆಯ ಹುಡುಗನೊಬ್ಬ ರಿಂಗಿಗೆ ಬೆನ್ನು ಹಾಕಿ ನಿಂತಿದ್ದಾನೆ. ಅಷ್ಟು ಎತ್ತರದವರು ಆ ಕಾಲದಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ: ಚೆಂಡು ಹಿಡಿ, ತಿರುಗು, ಹಾಕು. ಇವನು ಹಾಗೆ ಮಾಡಲಿಲ್ಲ. ಚೆಂಡನ್ನು ಒಂದೇ ಕೈಯಲ್ಲಿ ಕಿತ್ತಳೆ ಹಣ್ಣಿನ ಥರ ಹಿಡಿದು ಸುಮ್ನೆ ನಿಂತ. ಹಿಂದಿನಿಂದ ಜೊತೆಗಾರ ಒಳಗೆ ನುಗ್ಗಿದ. ಇವನು ಆ ಕಡೆ ತಿರುಗಿ ಕೂಡ ನೋಡಲಿಲ್ಲ. ಚೆಂಡು ಮಾತ್ರ ಅವನ ಬೆನ್ನ ಹಿಂದಿನಿಂದ ನೆಲಕ್ಕೆ ಬಡಿದು ಜೊತೆಗಾರನ ಕೈಗೆ ಹೋಗಿ ಕೂತಿತು. ಅದನ್ನು ನಾನು ಅದೆಷ್ಟು ಸಲ ಹಿಂದಕ್ಕೆ ಎಳೆದು ನೋಡಿದೆನೋ. ಹುಡುಗನ ಹೆಸರು ಅರ್ವಿದಾಸ್ ಸಬೋನಿಸ್. ಹಸಿರು ಬನಿಯನ್ನಿನ ಮೇಲೆ ಇದ್ದ ಹೆಸರು ಜಾಲ್ಗಿರಿಸ್.

ಊರು ಕೌನಸ್. ನೆಮುನಸ್ ಮತ್ತು ನೆರಿಸ್ ನದಿಗಳು ಸೇರುವ ಜಾಗ, ಜನಸಂಖ್ಯೆ ಸುಮಾರು 3 ಲಕ್ಷ. ಎರಡು ಮಹಾಯುದ್ಧಗಳ ನಡುವೆ ಲಿಥುವೇನಿಯಾದ ತಾತ್ಕಾಲಿಕ ರಾಜಧಾನಿ ಇದೇ ಆಗಿತ್ತು. ಆಗಲೇ ಬಾಸ್ಕೆಟ್‌ಬಾಲ್ ಹುಚ್ಚು ಹತ್ತಿದ್ದು. ಹಚ್ಚಿದವರು ಅಮೆರಿಕಕ್ಕೆ ವಲಸೆ ಹೋಗಿದ್ದ ಲಿಥುವೇನಿಯನ್ನರ ಮಕ್ಕಳು. ಫ್ರ್ಯಾಂಕ್ ಲೂಬಿನ್ ಅಂತ ಒಬ್ಬ, ಅಮೆರಿಕ ತಂಡದಲ್ಲಿ 1936ರ ಒಲಿಂಪಿಕ್ ಚಿನ್ನ ಗೆದ್ದವನು, ಅಪ್ಪ ಅಮ್ಮನ ನಾಡಿಗೆ ಬಂದು ಆಡಿದ. 1937ರಲ್ಲಿ ಈ ಪುಟ್ಟ ದೇಶ ಯೂರೋಪಿಯನ್ ಚಾಂಪಿಯನ್ ಆಯಿತು. ಗೆದ್ದವರ ಊರಲ್ಲಿ ಮುಂದಿನ ಟೂರ್ನಿ ಅಂತ ಕೌನಸ್‌ನಲ್ಲಿ ಕೆಲವೇ ತಿಂಗಳಲ್ಲಿ ಒಂದು ಕ್ರೀಡಾ ಭವನ ಎದ್ದುನಿಂತಿತು. 1939ರಲ್ಲಿ ಅಲ್ಲೇ ಲಾಟ್ವಿಯಾವನ್ನು 37-36ರಿಂದ ಸೋಲಿಸಿದರು. ಕೊನೆಯ ಬಾಸ್ಕೆಟ್ ಹಾಕಿದ್ದು ಲೂಬಿನ್. ಮರುವರ್ಷ ಸೋವಿಯತ್ ಸೇನೆ ಬಂತು, ಅದರ ಹಿಂದೆ ಜರ್ಮನ್ನರು, ಮತ್ತೆ ಸೋವಿಯತ್ತರು. ದೇಶ ನಕ್ಷೆಯಿಂದ ಅಳಿಸಿಹೋಯಿತು. ಭವನ ಉಳಿಯಿತು.

ಜಾಲ್ಗಿರಿಸ್ ಹುಟ್ಟಿದ್ದು 1944ರಲ್ಲಿ, ಅಂದರೆ ಸೋವಿಯತ್ ಆಳ್ವಿಕೆ ವಾಪಸ್ ಬಂದ ವರ್ಷವೇ. ಆ ಹೆಸರಿನಲ್ಲೊಂದು ಜಾಣತನ ಇದೆ. 1410ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಸೇರಿ ಜರ್ಮನ್ ಟ್ಯೂಟಾನಿಕ್ ಸರದಾರರನ್ನು ಮಣ್ಣು ಮುಕ್ಕಿಸಿದ ಗ್ರುನ್‌ವಾಲ್ಡ್ ಕದನಕ್ಕೆ ಲಿಥುವೇನಿಯನ್ನರು ಇಟ್ಟುಕೊಂಡ ಹೆಸರು ಜಾಲ್ಗಿರಿಸ್. ಜರ್ಮನ್ನರನ್ನು ಸೋಲಿಸಿದ ಕಥೆ ಅಂದಮೇಲೆ ಆ ಹೊತ್ತಿನಲ್ಲಿ ಮಾಸ್ಕೋ ಬೇಡ ಅನ್ನೋಕಾಗಲ್ಲ. ಊರಿನವರಿಗೆ ಮಾತ್ರ ಅದು ತಮ್ಮ ದೇಶ ದೊಡ್ಡದಾಗಿದ್ದ ಕಾಲದ ನೆನಪು. ಪದದ ಅರ್ಥ ಹಸಿರು ಕಾಡು. ಅವರ ಭಾಷೆಯಲ್ಲಿ 'ಗಿರಿಯಾ' ಅಂದರೆ ಕಾಡು, ನಮಗೆ ಗಿರಿ ಅಂದರೆ ಬೆಟ್ಟ. ಎರಡೂ ಒಂದೇ ಬೇರಿನ ಪದಗಳು ಅಂತಾರೆ ಭಾಷೆಗಳ ಇತಿಹಾಸ ಬಲ್ಲವರು. ಬೆಂಕಿಗೆ ಅವರು 'ಉಗ್ನಿಸ್' ಅಂತಾರೆ, ಹೊಗೆಗೆ 'ದೂಮಾಸ್'. ಅಮ್ಮನ ಪ್ರಶ್ನೆಗೆ ಇದನ್ನೇ ಉತ್ತರ ಮಾಡಬಹುದಿತ್ತು, ಆ ಹೊತ್ತಲ್ಲಿ ಹೊಳೆಯಲಿಲ್ಲ.

ಕ್ಲಬ್ಬು 1947 ಮತ್ತು 1951ರಲ್ಲಿ ಸೋವಿಯತ್ ಚಾಂಪಿಯನ್ ಆಯಿತು. ಆಮೇಲೆ 34 ವರ್ಷ ಏನೂ ಇಲ್ಲ. ಆಟಗಾರರಿಗೇನೂ ಬರ ಇರಲಿಲ್ಲ. ಅಡ್ಡ ನಿಂತಿದ್ದು ಸಿಎಸ್‌ಕೆಎ ಮಾಸ್ಕೋ.

ಸಿಎಸ್‌ಕೆಎ ಸೇನೆಯ ತಂಡ. ಸೋವಿಯತ್ ದೇಶದಲ್ಲಿ ಗಂಡುಹುಡುಗರೆಲ್ಲ ಸೇನೆಯಲ್ಲಿ ದುಡಿಯಲೇಬೇಕು. ಚೆನ್ನಾಗಿ ಆಡುವ ಹುಡುಗನಿಗೆ ಸೇನೆಯ ಕರೆ ಬಂತು ಅಂದರೆ ಅವನು ಬಂದೂಕು ಹಿಡಿಯಬೇಕಾಗಿರಲಿಲ್ಲ, ಸಿಎಸ್‌ಕೆಎ ಬನಿಯನ್ ಹಾಕಿಕೊಳ್ಳಬೇಕಾಗಿತ್ತು. ಹರಾಜಿಲ್ಲ, ಚೌಕಾಸಿಯಿಲ್ಲ. ಹೀಗೆ ದೇಶದ ಮೂಲೆಮೂಲೆಯಿಂದ ಆರಿಸಿಕೊಂಡ ತಂಡ 1976ರಿಂದ 1984ರವರೆಗೆ ಸತತ 9 ಸಲ ಗೆದ್ದಿತು. ಜಾಲ್ಗಿರಿಸ್‌ನ ರಿಮಾಸ್ ಕುರ್ತಿನೈತಿಸ್ ಕೂಡ ಎರಡು ವರ್ಷ ಅಲ್ಲಿ ಆಡಿ, ಅವಧಿ ಮುಗಿದ ಮೇಲೆ ವಾಪಸ್ ಬಂದ. ಅದಕ್ಕೂ ಹಿಂದೆ ಮೊದೆಸ್ತಾಸ್ ಪೌಲೌಸ್ಕಾಸ್ ಇದ್ದ. 1972ರ ಒಲಿಂಪಿಕ್ಸ್‌ನಲ್ಲಿ ಕೊನೆಯ 3 ಸೆಕೆಂಡಿನಲ್ಲಿ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದ ಸೋವಿಯತ್ ತಂಡದ ನಾಯಕ. ಸೋವಿಯತ್ ಪರವಾಗಿ ಎಲ್ಲ ಗೆದ್ದ, ಕ್ಲಬ್ ಮಾತ್ರ ಬದಲಾಯಿಸಲಿಲ್ಲ. ಜಾಲ್ಗಿರಿಸ್‌ನಲ್ಲಿ ಒಂದೂ ಲೀಗ್ ಗೆಲ್ಲದೆ ಆಟ ಮುಗಿಸಿದ. ನನಗೆ ಸಬೋನಿಸ್‌ಗಿಂತ ಇವನ ಮೇಲೆ ಒಂದು ತೂಕ ಪ್ರೀತಿ ಜಾಸ್ತಿ.

1985ರಲ್ಲಿ ಬೀಗ ಒಡೆಯಿತು. ಕೋಚ್ ವ್ಲಾದಾಸ್ ಗರಾಸ್ತಾಸ್. ಮಧ್ಯದಲ್ಲಿ ಸಬೋನಿಸ್, ಹೊರಗಿನಿಂದ ಗುರಿಯಿಟ್ಟು ಹೊಡೆಯೋಕೆ ಕುರ್ತಿನೈತಿಸ್, ಚೆಂಡು ನಡೆಸೋಕೆ ಖೊಮಿಚ್ಯುಸ್. ಸಿಎಸ್‌ಕೆಎ ಬದಿಯಲ್ಲಿ ಸಬೋನಿಸ್‌ಗೆ ಎದುರಾಗಿ ದೈತ್ಯ ತ್ಕಾಚೆಂಕೊ, ಆನೆಯಂಥ ಮೈಕಟ್ಟಿನವನು. ಜಾಲ್ಗಿರಿಸ್ 1985, 86, 87 ಮೂರೂ ವರ್ಷ ಗೆದ್ದಿತು. ಆ ಕಾಲದಲ್ಲಿ ಲಿಥುವೇನಿಯಾದ ಮೂರು ಬಣ್ಣದ ಬಾವುಟ ಹಾರಿಸಿದರೆ ಜೈಲು. ಆದರೆ ಸಾವಿರಾರು ಜನ ಒಂದೇ ಸೂರಿನಡಿ ಸೇರಿ ಮಾಸ್ಕೋ ಸೇನೆಯ ತಂಡ ಸೋಲಲಿ ಅಂತ ಗಂಟಲು ಹರಿಯುವಂತೆ ಕೂಗಿದರೆ ಯಾವ ಪೊಲೀಸನೂ ಹಿಡಿಯುವ ಹಾಗಿಲ್ಲ. ಆಟ ತಾನೇ! ಕೂಗಿದ್ದು 1939ರಲ್ಲಿ ಕಟ್ಟಿದ ಅದೇ ಭವನದಲ್ಲಿ.

ಇಲ್ಲಿಗೆ ಕಥೆ ಸಿನಿಮಾ ಥರ ಮುಗಿಯಬೇಕಿತ್ತು. ಆದರೆ ಈ ಕ್ಲಬ್ಬಿಗೆ ಗೆಲುವಿನ ಬಾಗಿಲಲ್ಲಿ ಎಡವುವ ಅಭ್ಯಾಸ.

1986ರ ಏಪ್ರಿಲ್ 3, ಬುಡಾಪೆಸ್ಟ್. ಯೂರೋಪಿನ ಚಾಂಪಿಯನ್ಸ್ ಕಪ್ ಫೈನಲ್, ಎದುರಿಗೆ ಯುಗೊಸ್ಲಾವಿಯಾದ ಜಾಗ್ರೆಬ್ ಊರಿನ ಸಿಬೋನಾ, ಅವರಲ್ಲಿ ಡ್ರಾಜೆನ್ ಪೆಟ್ರೊವಿಚ್ ಅನ್ನುವ ದೊಡ್ಡ ಆಟಗಾರ. ಸಬೋನಿಸ್‌ಗೆ 21 ವರ್ಷ, ಅಂಕಣದಲ್ಲಿ ಅವನನ್ನು ತಡೆಯುವವರೇ ಇರಲಿಲ್ಲ. ದ್ವಿತೀಯಾರ್ಧದಲ್ಲಿ ಆಟಗಾರರ ನಡುವೆ ತಳ್ಳಾಟ ಶುರುವಾಯಿತು. ಸಬೋನಿಸ್ ದೂರದಿಂದ ಓಡಿ ಬಂದು ಸಿಬೋನಾದ ಮಿಹೊವಿಲ್ ನಾಕಿಚ್‌ಗೆ ಗುದ್ದಿಬಿಟ್ಟ. ರೆಫರಿ ಹೊರಗೆ ಕಳಿಸಿದರು. ಸಿಬೋನಾ 94-82ರಿಂದ ಗೆದ್ದಿತು. ಅದೇ ವರ್ಷ ಬ್ಯೂನಸ್ ಐರಿಸ್‌ನಲ್ಲಿ ಕ್ಲಬ್ಬುಗಳ ವಿಶ್ವಕಪ್ಪನ್ನು ಜಾಲ್ಗಿರಿಸ್ ಗೆದ್ದಿತು ಅನ್ನೋದು ನಿಜವೇ. ಆದರೂ ಬುಡಾಪೆಸ್ಟ್‌ನ ಆ ಗುದ್ದೇ ಜನರ ಬಾಯಲ್ಲಿ ಉಳಿದಿದೆ. ಅದೇ ಬೇಸಿಗೆಯಲ್ಲಿ ಎನ್‌ಬಿಎಯ ಪೋರ್ಟ್‌ಲ್ಯಾಂಡ್ ತಂಡ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಸಬೋನಿಸ್, ಪೆಟ್ರೊವಿಚ್ ಇಬ್ಬರ ಹೆಸರನ್ನೂ ಬರೆದುಕೊಂಡಿತು. ಸಬೋನಿಸ್ ಅಲ್ಲಿಗೆ ಹೋಗಿದ್ದು 1995ರಲ್ಲಿ, 30 ವರ್ಷ ದಾಟಿ, ಹಿಮ್ಮಡಿಯ ನರ ಕಿತ್ತುಹೋದ ಮೇಲೆ. ಎನ್‌ಬಿಎ ಮಾತ್ರ ನೋಡುವ ನನ್ನ ಗೆಳೆಯರಿಗೆ ಗೊತ್ತಿರೋದು ಆ ಭಾರದ, ನಿಧಾನದ, ಕುಂಟುವ ಸಬೋನಿಸ್. ಅದಕ್ಕೇ ಹೇಳೋದು, ಹಳೇ ವಿಡಿಯೋ ನೋಡ್ರಪ್ಪಾ ಅಂತ.

1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 82-76ರಿಂದ ಸೋಲಿಸಿ, ಆಮೇಲೆ ಚಿನ್ನ ಗೆದ್ದಾಗ ಅದರಲ್ಲಿ ನಾಲ್ವರು ಲಿಥುವೇನಿಯನ್ನರಿದ್ದರು, ಮೂವರು ಜಾಲ್ಗಿರಿಸ್‌ನವರು. 1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು, ಕ್ಲಬ್ಬು ಸೋವಿಯತ್ ಲೀಗ್ ಬಿಟ್ಟಿತು. ದೊಡ್ಡ ಆಟಗಾರರೆಲ್ಲ ಹೊರದೇಶಗಳಿಗೆ ಹೊರಟರು. ಸ್ವಂತ ಲೀಗ್ ಇತ್ತು, ಗೆಲ್ಲುತ್ತಿದ್ದರು, ಆದರೆ ಸಿಎಸ್‌ಕೆಎ ಥರದ ಶತ್ರು ಇಲ್ಲದೆ ಊಟಕ್ಕೆ ಉಪ್ಪಿಲ್ಲದ ಹಾಗೆ.

ಆಮೇಲೆ 1999. ಕೋಚ್ ಯೋನಾಸ್ ಕಜ್ಲೌಸ್ಕಾಸ್. ಸುತ್ತ ಹೆಚ್ಚಾಗಿ ಲಿಥುವೇನಿಯಾದ ಹುಡುಗರು, ನಡುವೆ ಟೈಯಸ್ ಎಡ್ನಿ ಅನ್ನುವ ಅಮೆರಿಕದ ಆಟಗಾರ. ಎತ್ತರ 1 ಮೀಟರ್ 78 ಸೆಂಟಿಮೀಟರ್ ಅಷ್ಟೇ, ನಮ್ಮ ಬೀದಿಯಲ್ಲಿ ಹುಡುಕಿದರೆ ಸಿಗುವ ಎತ್ತರ. 1995ರಲ್ಲಿ ಅಮೆರಿಕದ ಕಾಲೇಜು ಟೂರ್ನಿಯಲ್ಲಿ 4.8 ಸೆಕೆಂಡ್ ಉಳಿದಿದ್ದಾಗ ಅಂಕಣದ ಈ ತುದಿಯಿಂದ ಆ ತುದಿಗೆ ಓಡಿ ಬಾಸ್ಕೆಟ್ ಹಾಕಿ ಪಂದ್ಯ ಗೆದ್ದವನು. ಕೌನಸ್‌ನಲ್ಲಿ ಅವನು ವರ್ಷಪೂರ್ತಿ ಅದನ್ನೇ ಮಾಡಿದ. ಮ್ಯೂನಿಕ್‌ನಲ್ಲಿ ನಡೆದ ಯೂರೋಪಿನ ಕಪ್ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಇಟಲಿಯ ಬೊಲೊನ್ಯಾದ ಎತ್ತರದವರ ಕಾಲ ಸಂದಿಯಲ್ಲಿ ನುಸುಳಿದಂತೆ ಆಡಿದ. 82-74. ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ. ಬೇಸಿಗೆ ಮುಗಿಯುವಷ್ಟರಲ್ಲಿ ಇಟಲಿಯ ಇನ್ನೊಂದು ಕ್ಲಬ್ಬಿಗೆ ಹೋಗಿಯೂ ಬಿಟ್ಟ. ದುಡ್ಡಿದ್ದವರು ಕೊಂಡುಹೋಗ್ತಾರೆ, ಮೊದಲು ಸೇನೆ ಒಯ್ಯುತ್ತಿದ್ದ ಹಾಗೆ.

ನಿಜ ಹೇಳಬೇಕಂದ್ರೆ ನಾನು ಈ ಕ್ಲಬ್ಬಿಗೆ ಪೂರ್ತಿ ಅಂಟಿಕೊಂಡಿದ್ದು ಗೆದ್ದ ಪಂದ್ಯ ನೋಡಿ ಅಲ್ಲ. 2004ರ ಏಪ್ರಿಲ್ 8ರ ಪಂದ್ಯದಿಂದ.

ಸಬೋನಿಸ್ ಊರಿಗೆ ವಾಪಸ್ ಬಂದಿದ್ದ. 39 ವರ್ಷ, ಮಂಡಿ ಸವೆದಿದೆ, ಓಡೋಕಾಗಲ್ಲ. ಆದರೂ ಆ ವರ್ಷ ಯೂರೋಲೀಗ್‌ನ, ಅಂದರೆ ಯೂರೋಪಿನ ಕಪ್‌ನ, ಮೊದಲ ಸುತ್ತಿನಲ್ಲೂ ಎರಡನೇ ಸುತ್ತಿನಲ್ಲೂ ಶ್ರೇಷ್ಠ ಆಟಗಾರ ಅವನೇ. ಎರಡನೇ ಸುತ್ತಿನ ಕೊನೆಯ ಪಂದ್ಯ ಇಸ್ರೇಲಿನ ಟೆಲ್ ಅವೀವ್‌ನಲ್ಲಿ, ಅಲ್ಲಿನದೇ ತಂಡ ಮಕ್ಕಾಬಿ ವಿರುದ್ಧ. ಗೆದ್ದರೆ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಹಂತ, ಅದೂ ಅದೇ ಊರಲ್ಲಿ. 5 ಫೌಲ್ ಆದರೆ ಆಟದಿಂದ ಹೊರಗೆ, ಹಾಗಾಗಿ ಸಬೋನಿಸ್ ಬೆಂಚಿನ ಮೇಲೆ ಕೂತಿದ್ದಾನೆ. ಉಳಿದಿರೋದು ಸುಮಾರು 2 ಸೆಕೆಂಡ್. ಜಾಲ್ಗಿರಿಸ್ 3 ಪಾಯಿಂಟ್ ಮುಂದೆ. ಮೇಲಾಗಿ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ ಕೂಡ ಜಾಲ್ಗಿರಿಸ್‌ಗೇ. ಒಂದು ಬಿದ್ದರೂ ಕಥೆ ಮುಗೀತು. ಬೀಳಲಿಲ್ಲ. ಮಕ್ಕಾಬಿಯವನು ಅಂಕಣದ ಆ ತುದಿಯಿಂದ ಉದ್ದಕ್ಕೆ ಚೆಂಡು ಎಸೆದ. ಡೆರಿಕ್ ಶಾರ್ಪ್ ಹಿಡಿದ, ತಿರುಗಿದ, ಬೀಳುತ್ತಲೇ ತ್ರೀ-ಪಾಯಿಂಟ್ ಗೆರೆಯ ಆಚೆಯಿಂದ ಎಸೆದ. ಚೆಂಡು ಒಳಗೆ. ಸಮ. ಹೆಚ್ಚುವರಿ ಸಮಯದಲ್ಲಿ ಮಕ್ಕಾಬಿ ಗೆದ್ದಿತು. ಕೆಲವು ವಾರದ ನಂತರ ಫೈನಲ್‌ನಲ್ಲಿ 118-74ರಿಂದ ಕಪ್ಪೂ ಎತ್ತಿತು. 44 ಪಾಯಿಂಟ್ ಅಂತರ!

ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಆ ಮಕ್ಕಾಬಿ ತಂಡದಲ್ಲಿ ಚೆಂಡು ನಡೆಸುತ್ತಿದ್ದವನು ಶರೂನಾಸ್ ಯಸಿಕೆವಿಚ್ಯುಸ್. ಹುಟ್ಟಿದ್ದು ಕೌನಸ್‌ನಲ್ಲಿ. ಮನೆ ಮಗನೇ ಆ ಕಡೆ.

ಈ ಮಗ ಆಟದ ಕೊನೆಯಲ್ಲಿ ಮನೆಗೆ ಬಂದ. ಅಷ್ಟರಲ್ಲಿ ಕ್ಲಬ್ಬು ಒಬ್ಬ ಬ್ಯಾಂಕ್ ಮಾಲೀಕನ ಕೈ ಸೇರಿ, ಕೋಚುಗಳು ಅಂಗಿ ಬದಲಿಸಿದಂತೆ ಬದಲಾಗಿ, 2013ರಲ್ಲಿ ಆ ಬ್ಯಾಂಕೇ ಮುಚ್ಚಿ, ಹೇಗೋ ಬದುಕಿ ಉಳಿದಿತ್ತು. ಒಂದೇ ಒಳ್ಳೇದು ಅಂದರೆ 2011ರಲ್ಲಿ ನೆಮುನಸ್ ನದಿಯ ದ್ವೀಪದಲ್ಲಿ ತೆರೆದ ಹೊಸ ಅರೀನಾ. 15,000ಕ್ಕೂ ಹೆಚ್ಚು ಜನ ಹಿಡಿಯುತ್ತೆ. 3 ಲಕ್ಷದ ಊರಿನಲ್ಲಿ ಅದು ಮತ್ತೆ ಮತ್ತೆ ತುಂಬುತ್ತೆ ಅನ್ನೋದನ್ನು ಲೆಕ್ಕ ಹಾಕಿ ನೋಡಿ.

2016ರಲ್ಲಿ ಯಸಿಕೆವಿಚ್ಯುಸ್ ಕೋಚ್ ಆದ. ಅಂಕಣದ ಬದಿಯಲ್ಲಿ ಕೆಂಪು ಮುಖ ಮಾಡಿಕೊಂಡು ಬೈಯುವ ಆಸಾಮಿ. 2017ರಲ್ಲಿ ಲಿಥುವೇನಿಯಾ ಲೀಗ್‌ನ ಸೆಮಿಫೈನಲ್ ಸರಣಿಯ ನಡುವೆ ಅವನ ಆಟಗಾರನೊಬ್ಬ ತನ್ನ ಮಗು ಹುಟ್ಟುವಾಗ ಜೊತೆಗಿರಬೇಕು ಅಂತ ಹೋದ. ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತ ಹುಡುಗ, ಇದು ಸರಿಯಾ ಅಂತ ಕೇಳಿದ. ಯಸಿಕೆವಿಚ್ಯುಸ್ ಅವನನ್ನೇ ದಿಟ್ಟಿಸಿ ನೋಡಿ, ನಿನಗೆ ಮಕ್ಕಳಿದಾರಾ ಅಂತ ವಾಪಸ್ ಕೇಳಿದ. ಮಕ್ಕಳಾದಾಗ ಗೊತ್ತಾಗುತ್ತೆ ಬಿಡು, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ, ಬಾಸ್ಕೆಟ್‌ಬಾಲ್ ಅಂತೂ ಅಲ್ಲವೇ ಅಲ್ಲ ಅನ್ನುವ ಅರ್ಥದಲ್ಲಿ ಉತ್ತರಿಸಿದ. ಬಾಸ್ಕೆಟ್‌ಬಾಲ್ ನೋಡದವರೂ ಆ ವಿಡಿಯೋ ನೋಡಿದಾರೆ. ಮರುವರ್ಷ ಆ ತಂಡವನ್ನೇ ಬೆಲ್‌ಗ್ರೇಡ್‌ನ ಫೈನಲ್ ಫೋರ್‌ಗೆ ಕರೆದೊಯ್ದ. ಸೆಮಿಫೈನಲ್ ಸೋತರು. ಮೂರನೇ ಸ್ಥಾನಕ್ಕೆ ಎದುರಾಗಿದ್ದು ಯಾರು ಹೇಳಿ? ಸಿಎಸ್‌ಕೆಎ ಮಾಸ್ಕೋ. 79-77ಕ್ಕೆ ಗೆದ್ದರು. ಮೂರನೇ ಸ್ಥಾನದ ಪಂದ್ಯ ಯಾರಿಗೂ ಬೇಡದ ಪಂದ್ಯ ಅಂತಾರಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗಲೂ ಚಳಿಗಾಲದಲ್ಲಿ ಅಲ್ಲಿ ರಾತ್ರಿ 8 ಅಂದರೆ ನಮಗೆ ಹನ್ನೊಂದೂವರೆ. ಮಾರ್ಚ್ ಕೊನೆಗೆ ಅವರು ಗಡಿಯಾರ ತಿರುಗಿಸಿದರೆ ಒಂದು ಗಂಟೆ ಬೇಗ ಮಲಗಬಹುದು, ಅಷ್ಟೇ ಲಾಭ. ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಕೈಗಿಡುತ್ತಾ ಅಮ್ಮ ಕೇಳಿದಳು:

"ನಿನ್ನೆ ಏನಾಯ್ತೋ, ನಿಮ್ಮೋರು ಗೆದ್ರಾ?"

"ಸೋತ್ರಮ್ಮ."

"ಎಷ್ಟರಲ್ಲಿ?"

"ಮೂರು ಪಾಯಿಂಟು."