ಎಳೆ ಪಾಕ, ಮೈಸೂರಿನ ನೀರು, ಆನೆಯ ಸೊಂಡಿಲು

ಬುಧವಾರ, ಜನವರಿ 8

ಅಟ್ಟದಿಂದ ಸಕ್ಕರೆ ಅಚ್ಚಿನ ಪೆಟ್ಟಿಗೆ ಇಳಿಸಿದೆವು. ಸಾಗುವಾನಿ ಮರದ 14 ಜೊತೆ ಅಚ್ಚು, ಅತ್ತೆಯ ತವರಿನಿಂದ ಬಂದವು: ಆನೆ, ಗಿಳಿ, ತುಳಸಿಕಟ್ಟೆ, ಗೋಪುರ, ಹಂಸ, ತೆಂಗಿನಕಾಯಿ. ನಾಲ್ಕು ವರ್ಷದಿಂದ ಇವು ಪಾಕ ಕಂಡಿರಲಿಲ್ಲ. ಅಂಗಡಿಯಿಂದ ತಂದ ಅಚ್ಚನ್ನೇ ಬೀರುತ್ತಿದ್ದೆವು. ಈ ಸಂಕ್ರಾಂತಿಗೆ ಮನೆಯಲ್ಲೇ ಮಾಡೋಣ ಅಂದವಳು ಮಗಳು. ಹಾಗಾದರೆ ಈ ವಾರದ ಪಾಠವೆಲ್ಲ ಹಬ್ಬದ ಸುತ್ತಲೇ ನಡೆಯಲಿ ಎಂದು ಗಣಿತ, ವಿಜ್ಞಾನದ ಪುಸ್ತಕಗಳನ್ನು ಕಪಾಟಿಗೆ ಸೇರಿಸಿದೆ.

ಮಕ್ಕಳು ಮನೆಯಲ್ಲೇ ಕಲಿಯಲು ಶುರುಮಾಡಿ ಇದು ಮೂರನೆಯ ವರ್ಷ. ಮಗಳಿಗೆ 11, ಮಗನಿಗೆ 7. ಹತ್ತನೆಯ ತರಗತಿಯ ಪರೀಕ್ಷೆಯನ್ನು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಬರೆಸುವ ಯೋಚನೆ ಇದೆ. ಅದಕ್ಕೆ 14 ವರ್ಷ ತುಂಬಿರಬೇಕು, ಹಾಗಾಗಿ ಅವಸರವಿಲ್ಲ.

ತಾರಸಿಯ ಮೇಲೆ ಡಿಸೆಂಬರಿನಿಂದ ಒಂದು ಕೋಲು ನಿಂತಿದೆ. ಅದರ ತುದಿ ನೆಲದಿಂದ ಸರಿಯಾಗಿ 1 ಮೀಟರ್. ಇವತ್ತು 12ರಿಂದ 1 ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿದರು. ನೆರಳು ಅತಿ ಗಿಡ್ಡವಾದದ್ದು 12ಕ್ಕಲ್ಲ, 12.30ಕ್ಕೆ. ಮಗ ಗಡಿಯಾರ ಮುಂದೆ ಓಡುತ್ತಿದೆ ಅಂದ. ಭೂಪಟ ತೆಗೆದು ತೋರಿಸಿದೆ. ನಮ್ಮ ದೇಶದ ಗಡಿಯಾರವೆಲ್ಲ 82.5 ಡಿಗ್ರಿ ರೇಖಾಂಶದ ಮಧ್ಯಾಹ್ನಕ್ಕೆ ಹೊಂದಿಕೊಂಡಿದೆ, ಮೈಸೂರು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿದೆ, ಒಂದೊಂದು ಡಿಗ್ರಿಗೆ 4 ನಿಮಿಷ ತಡ. ಅಲ್ಲಿಗೆ 24 ನಿಮಿಷ ಆಯಿತು. ಮಿಕ್ಕ 6 ನಿಮಿಷ ಎಲ್ಲಿಂದ ಬಂತು ಎಂದು ಮಗಳು ಬಿಡಲಿಲ್ಲ. ಸೂರ್ಯನ ಸುತ್ತ ಭೂಮಿಯ ದಾರಿ ಪೂರಾ ದುಂಡಗಿಲ್ಲ, ಭೂಮಿಯ ಅಕ್ಷವೂ ಓರೆ, ಅದಕ್ಕೇ ಸೂರ್ಯನ ಮಧ್ಯಾಹ್ನ ವರ್ಷವಿಡೀ ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತಿರುತ್ತದೆ ಎಂದಷ್ಟೇ ಹೇಳಿದೆ.

ನೆರಳು 69 ಸೆಂ.ಮೀ. ಬಂತು. ಡಿಸೆಂಬರ್ 21ರಂದು 72 ಇತ್ತು. ಮಗಳು ಎರಡೂ ಸಂಖ್ಯೆಯನ್ನು ನೋಡುತ್ತಾ ಕೂತಳು. ಆಮೇಲೆ, "ಅಮ್ಮಾ, ನೆರಳು ಆಗ್ಲೇ ಗಿಡ್ಡ ಆಗ್ತಾ ಬಂದಿದೆ. ಸೂರ್ಯ ಡಿಸೆಂಬರಲ್ಲೇ ಉತ್ತರಕ್ಕೆ ತಿರುಗಿದಾನೆ ಅಂದ್ಮೇಲೆ ಉತ್ತರಾಯಣದ ಹಬ್ಬ ಈಗ್ಯಾಕೆ?" ಅಂದಳು. ಇಂಥ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಕೊಟ್ಟು ಮುಗಿಸಲು ನನಗೆ ಇಷ್ಟವಿಲ್ಲ. ಸೋಮವಾರದವರೆಗೆ ಯೋಚನೆ ಮಾಡು ಅಂದೆ.

ಗುರುವಾರ, ಜನವರಿ 9

ಎಳ್ಳು ಬೆಲ್ಲದ ಲೆಕ್ಕ. ನಮ್ಮ ಮನೆಯ ಪ್ರಮಾಣ ಎಳ್ಳು 1, ಕಡಲೆಕಾಯಿ ಬೀಜ 2, ಕೊಬ್ಬರಿ 2, ಬೆಲ್ಲ 2, ಹುರಿಗಡಲೆ 1, ಒಟ್ಟು 8 ಭಾಗ. 24 ಮನೆಗೆ ತಲಾ 100 ಗ್ರಾಂ ಎಂದರೆ 2,400 ಗ್ರಾಂ, ಅಂದರೆ ಒಂದು ಭಾಗಕ್ಕೆ 300 ಗ್ರಾಂ. ಭಿನ್ನರಾಶಿ ಅಂದರೆ ಮುಖ ತಿರುಗಿಸುತ್ತಿದ್ದ ಮಗಳು ಇದನ್ನು ಅಡುಗೆಮನೆಯ ಕಟ್ಟೆ ಮೇಲೆ ಕೂತು ಎರಡು ನಿಮಿಷದಲ್ಲಿ ಮಾಡಿದಳು. 600 ಗ್ರಾಂ ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ತೆಗೆದು, ಮೊರದಲ್ಲಿ ಕೇರಿ ತೂಗಿದರೆ 550 ಚಿಲ್ಲರೆ. "ಮಿಕ್ಕಿದ್ದು ಎಲ್ಲಿ ಹೋಯ್ತು?" ಎಂದು ಮಗ ಸಿಪ್ಪೆಯನ್ನೂ ತೂಗಿದ. ಅದನ್ನು ಕೂಡಿಸಿದರೂ ಲೆಕ್ಕ ತುಂಬಲಿಲ್ಲ. ಹುರಿಯುವಾಗ ಮೇಲೆದ್ದ ಹಬೆ ಅವನಿಗೆ ಆಗ ನೆನಪಾಯಿತು.

ಕೊಬ್ಬರಿಯ ಕಂದು ಸಿಪ್ಪೆಯನ್ನು ಅತ್ತೆ ಹೆರೆದು ತೆಗೆದರು. ಕೊಬ್ಬರಿ, ಬೆಲ್ಲದ ಚೂರು ಎರಡೂ ಬಿಸಿಲಿಗೆ ಹೋದವು. ಬೆಲ್ಲವನ್ನು ಯಾಕೆ ಒಣಗಿಸಬೇಕು ಎಂಬುದಕ್ಕೆ ಸಂಜೆ ಓವನ್ನಿನಲ್ಲಿ ಒಂದು ಪರೀಕ್ಷೆ. ಹುರಿದ ರಾಗಿ ಹಿಟ್ಟು 120 ಗ್ರಾಂ, ಗೋಧಿ ಹಿಟ್ಟು 80, ಬೆಣ್ಣೆ 100, ಎರಡು ಚಮಚ ಎಳ್ಳು. ಒಂದು ಸಲಕ್ಕೆ 80 ಗ್ರಾಂ ಸಕ್ಕರೆ, ಇನ್ನೊಂದು ಸಲಕ್ಕೆ ಅಷ್ಟೇ ಬೆಲ್ಲದ ಪುಡಿ. 170 ಡಿಗ್ರಿಯಲ್ಲಿ 15 ನಿಮಿಷ. ಎರಡು ತಟ್ಟೆಯನ್ನೂ ಮುಚ್ಚದೆ ಇಟ್ಟು ಮಲಗಿದೆವು.

ಶುಕ್ರವಾರ, ಜನವರಿ 10

ಬೆಳಿಗ್ಗೆ ಸಕ್ಕರೆ ಬಿಸ್ಕತ್ತು ಕಟುಂ ಅಂದಿತು, ಬೆಲ್ಲದ್ದು ಮೆತ್ತಗಾಗಿತ್ತು. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ ಎಂದು ಬಾಯಲ್ಲೇ ತಿಳಿಯಿತು.

ಆಮೇಲೆ ಮಂಡ್ಯದ ಕಡೆ ಒಂದು ಆಲೆಮನೆಗೆ ಹೋದೆವು. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ ಬರುತ್ತದೆ. ಹಿಂಡಿದ ಕಬ್ಬಿನ ಸಿಪ್ಪೆಯೇ ಒಣಗಿ ಒಲೆಗೆ ಸೌದೆಯಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣದ ತಿಳಿ ಹಾಕಿದರು, ಮೇಲೆ ಬಂದ ಕೊಳೆಯನ್ನು ಜಾಲರಿಯಲ್ಲಿ ತೆಗೆದು ತೆಗೆದು ಚೆಲ್ಲಿದರು. ಕೆಲವು ಕಡೆ ಬೆಂಡೆ ಗಿಡ ಜಜ್ಜಿದ ಲೋಳೆ ಹಾಕುತ್ತಾರೆ. ಆ ಲೋಳೆಗೆ ಕೊಳೆ ಅಂಟಿಕೊಂಡು ಮೇಲಕ್ಕೆ ಬರುತ್ತದೆ.

ನಾನು ಕಾದು ಕೂತಿದ್ದು ಹದ ನೋಡುವ ಗಳಿಗೆಗೆ. ಪಾಕ ಕಾಯಿಸುವ ಹಿರಿಯರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇನ್ನೂ ಇಲ್ಲ" ಅಂದರು. ಎರಡು ನಿಮಿಷ ಬಿಟ್ಟು ಮತ್ತೆ ನೋಡಿದರು. ಮೂರನೆಯ ಸಲ ಏನೂ ಮಾತಾಡದೆ ಕೈ ಎತ್ತಿದರು, ಕೊಪ್ಪರಿಗೆ ಇಳಿಯಿತು. ಮಗಳು, "ಎಷ್ಟು ಡಿಗ್ರಿ ಇತ್ತು ತಾತ?" ಎಂದು ಕೇಳಿದಳು. ಅವರು ಅವಳ ಕೈಗೆ ಆ ಉಂಡೆ ಕೊಟ್ಟು, "ಇಷ್ಟಿತ್ತು ನೋಡವ್ವ" ಅಂದರು.

ಶನಿವಾರ, ಜನವರಿ 11

ಮೊದಲ ಪಾಕ. ಒಂದು ಕೆ.ಜಿ. ಸಕ್ಕರೆ, ಅರ್ಧ ಲೀಟರ್ ನೀರು. ಕುದಿ ಬಂದ ಮೇಲೆ ಅತ್ತೆ ನಾಲ್ಕು ಚಮಚ ಹಾಲು ಹಾಕಿಸಿದರು. ಹಾಲು ಒಡೆದು, ಬೂದು ಬಣ್ಣದ ನೊರೆ ಕಟ್ಟಿ ಮೇಲೆ ಬಂತು. ಬಟ್ಟೆಯಲ್ಲಿ ಸೋಸಿದೆವು. "ಆಲೆಮನೇಲಿ ಬೆಂಡೆ ಲೋಳೆ ಮಾಡೋ ಕೆಲಸ ಇಲ್ಲಿ ಹಾಲು ಮಾಡ್ತು" ಎಂದು ಮಗಳೇ ಹೇಳಿದಳು. ನನಗೆ ಆ ದಿನಕ್ಕೆ ಅಷ್ಟೇ ಸಾಕಾಗಿತ್ತು.

ಅಚ್ಚು ಮಾತ್ರ ಆಗಲಿಲ್ಲ. ನಿಂಬೆರಸ ನಾಲ್ಕು ಹನಿ ಎಂದು ಅತ್ತೆ ಹೇಳಿದ್ದರು, ಇನ್ನಷ್ಟು ಬೆಳ್ಳಗೆ ಬರಲಿ ಎಂದು ನಾನು ಅರ್ಧ ಹಣ್ಣು ಹಿಂಡಿದ್ದೆ. ಒಂದು ಗಂಟೆ ಕಳೆದರೂ ಅಚ್ಚಿನೊಳಗೆ ಅಂಟಂಟು. ಹುಳಿ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ನಡುವೆ ನುಗ್ಗಿದರೆ ಸಕ್ಕರೆಯ ಹರಳು ಸಾಲಾಗಿ ಕೂರುವುದಿಲ್ಲ. ಸ್ವಲ್ಪ ಇದ್ದರೆ ಪಾಕ ಬಾಣಲೆಯಲ್ಲೇ ಗಟ್ಟಿಯಾಗದಂತೆ ಕಾಯುತ್ತದೆ, ಜಾಸ್ತಿಯಾದರೆ ಅಚ್ಚಿನಲ್ಲೂ ಗಟ್ಟಿಯಾಗಲು ಬಿಡುವುದಿಲ್ಲ. ನಾಲ್ಕು ಹನಿಯ ಅರ್ಥ ಇದು.

ಎರಡನೆಯದನ್ನು ನಿಂಬೆ ಹಾಕದೆ ಮಾಡಿದೆವು. ಎರಡು ಸುತ್ತು ಹೆಚ್ಚಿಗೆ ತಿರುವಿದ್ದಕ್ಕೆ ಕಣ್ಣ ಮುಂದೆಯೇ ಬೆಳ್ಳಗಾಗಿ ಬಾಣಲೆಯಲ್ಲೇ ಕಲ್ಲಾಯಿತು. ಮಗ ಅಳುವಂತಾದ. ಅತ್ತೆ ಒಂದು ಲೋಟ ನೀರು ಹಾಕಿ ಮತ್ತೆ ಒಲೆ ಹಚ್ಚಿದರು. "ಸಕ್ಕರೆ ಎಲ್ಲೂ ಓಡಿಹೋಗಿಲ್ಲ ಕಂದ, ಇಲ್ಲೇ ಇದೆ" ಅಂದರು.

ಭಾನುವಾರ, ಜನವರಿ 12

ಅಚ್ಚಿಗೆ ರಜ. 50 ಮಿ.ಲೀ. ತಣ್ಣೀರಿಗೆ ಮಗ ಚಮಚ ಚಮಚ ಸಕ್ಕರೆ ಹಾಕಿದ. ಸುಮಾರು 100 ಗ್ರಾಂ ಕರಗಿತು, ಆಮೇಲಿನದು ತಳದಲ್ಲೇ ಕೂತಿತು. ಕುದಿಯುವ ನೀರಿಗೆ ಇದರ ಎರಡರಷ್ಟಕ್ಕಿಂತ ಹೆಚ್ಚು ಹಿಡಿಯುತ್ತದೆ. ಪಾಕ ಆರುವಾಗ ಆ ಹೆಚ್ಚಿನ ಸಕ್ಕರೆ ಹೊರಗೆ ಬರಲೇಬೇಕು. ಹಾಗೆ ಬರುವುದಕ್ಕೆ ನಾವು ಅಚ್ಚಿನಲ್ಲಿ ಜಾಗ ಕೊಡುತ್ತಿದ್ದೇವೆ, ಅಷ್ಟೇ.

ನಂತರ ಡಿಜಿಟಲ್ ಥರ್ಮಾಮೀಟರಿನ ಪರೀಕ್ಷೆ. ನೀರು ಗಳಗಳ ಕುದಿಯುತ್ತಿದ್ದರೂ ಅದು 97.5 ದಾಟಲಿಲ್ಲ. ಕೆಟ್ಟಿದೆ ಎಂದು ಮಗ ತೀರ್ಪು ಕೊಟ್ಟ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಮೇಲಿನ ಗಾಳಿಯ ಒತ್ತಡ ಇಲ್ಲಿ ಕಡಿಮೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಬೇಗ ಕುದಿಯುತ್ತದೆ. 760ನ್ನು 300ರಿಂದ ಭಾಗಿಸಿದರೆ ಎರಡೂವರೆ. ಥರ್ಮಾಮೀಟರ್ ಸರಿಯಾಗಿಯೇ ಇತ್ತು.

ಮಗಳಿಗೆ ಅಲ್ಲೇ ಹೊಳೆಯಿತು. ಎಳೆ ಪಾಕಕ್ಕೆ ಪುಸ್ತಕದಲ್ಲಿ 110ರಿಂದ 112 ಡಿಗ್ರಿ ಎಂದಿದೆ, ಅದು ಸಮುದ್ರಮಟ್ಟದ ಲೆಕ್ಕ. ನಮಗೆ ಎರಡೂವರೆ ಕಳೆಯಬೇಕು. ಹಾಗಾದರೆ ಅಜ್ಜಿ ಏನು ಕಳೆಯುತ್ತಾರೆ? ಏನೂ ಇಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಎಳೆ ಬರುವುದು ಪಾಕದಲ್ಲಿ ನೀರು ಎಷ್ಟು ಉಳಿದಿದೆ ಎಂಬುದರ ಮೇಲೆ. ಮಂಗಳೂರಿನಲ್ಲೂ ಮಡಿಕೇರಿಯಲ್ಲೂ ಅದೇ ಎಳೆ. ಆಲೆಮನೆಯ ತಾತ ಕೊಟ್ಟ ಉಂಡೆಯೂ ಹೀಗೇ. ಇದನ್ನು ಅತ್ತೆಗೆ ವಿವರಿಸಿದ್ದು ನಾನಲ್ಲ, ಮಗಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಕೇಳಿದರು. "ನಮ್ಮಮ್ಮನಿಗೆ ಇದನ್ನ ಹೇಳಬೇಕಿತ್ತು ನೀನು" ಅಂದರು.

ಸೋಮವಾರ, ಜನವರಿ 13

ಅಚ್ಚುಗಳು ರಾತ್ರಿಯಿಡೀ ನೀರಲ್ಲಿ ನೆನೆದಿದ್ದವು. ಶನಿವಾರ ಬರೀ ಅರ್ಧ ಗಂಟೆ ನೆನೆಸಿದ್ದೆವು. ಒಣ ಮರ ಪಾಕದ ನೀರನ್ನು ಹೀರಿ ಸಕ್ಕರೆಯನ್ನು ತನ್ನ ನಾರಿಗೆ ಕಚ್ಚಿಸಿಕೊಳ್ಳುತ್ತದೆ. ಈ ಸಲ ಜೋಡಿಸಿ, ದಾರ ಬಿಗಿದು, ಒಂದೊಂದು ಸಲಕ್ಕೆ ಕಾಲು ಬಟ್ಟಲು ಪಾಕ ಮಾತ್ರ ತೆಗೆದುಕೊಂಡೆವು. ಕುದಿಯುವ ಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಹಾಗಾಗಿ ಸುರಿಯುವ ಕೆಲಸ ನನ್ನದು. ಮಗಳು ಥರ್ಮಾಮೀಟರ್ ಹಿಡಿದಳು, ಅತ್ತೆ ಎಳೆ ನೋಡಿದರು, ಒಬ್ಬರಿಗೊಬ್ಬರು ಹೇಳಬಾರದು ಎಂದು ಒಪ್ಪಂದ. ಅತ್ತೆ "ಆಯ್ತು" ಅಂದಾಗ ಅವಳ ಪುಸ್ತಕದಲ್ಲಿ 108.6. ಮುಂದಿನ ಸಲ 109. ಅದರ ಮುಂದಿನದು 108.4. ಆರು ಸಲದಲ್ಲಿ ಒಂದು ಡಿಗ್ರಿಯೂ ಆಚೀಚೆ ಇಲ್ಲ. ನನ್ನ ಕಣ್ಣು ತುಂಬಿತು.

ಆಮೇಲೆ ಒಲೆ ಆರಿಸಿ ತಿರುವುತ್ತಾ, ಬಾಣಲೆಯ ಅಂಚು ಬೆಳ್ಳಗಾಗುತ್ತಿದ್ದಂತೆ ಸುರಿಯುವುದು. ಐದಾರು ನಿಮಿಷಕ್ಕೆ ಮಗ ದಾರ ಬಿಚ್ಚುತ್ತಾನೆ. ತುಳಸಿಕಟ್ಟೆ ಮೊದಲನೆಯದರಲ್ಲೇ ಬಂತು. ಗೋಪುರ, ಹಂಸ, ತೆಂಗಿನಕಾಯಿ ಎಲ್ಲ ಬಂದವು. ಆನೆ ಮಾತ್ರ ಮೂರು ಸಲವೂ ಸೊಂಡಿಲಿಲ್ಲದೆ ಹುಟ್ಟಿತು. ಮಗ ಅಚ್ಚು ತೆರೆದು ನೋಡಿ, ಪಾಕ ಅಲ್ಲಿಗೆ ಹೋಗಿಯೇ ಇಲ್ಲ ಅಂದ. ನಿಜ, ಆ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ನಾಲ್ಕನೆಯ ಸಲ ಸುರಿದ ಕೂಡಲೇ ಅಚ್ಚನ್ನು ಕಟ್ಟೆಗೆ ಎರಡು ಸಲ ತಟ್ಟಿದೆ, ಒಂದು ಗುಳ್ಳೆ ಮೇಲೆ ಬಂದು ಒಡೆಯಿತು. ಆ ಆನೆಗೆ ಸೊಂಡಿಲಿದೆ. ಸಂಜೆಯ ಹೊತ್ತಿಗೆ ಒಟ್ಟು 61 ಅಚ್ಚು, ಮುರಿದದ್ದು 9.

ರಾತ್ರಿ ಬುಧವಾರದ ಪ್ರಶ್ನೆ. ಬುಗುರಿ ತಿರುಗಿಸಿದೆವು. ವೇಗ ಕಡಿಮೆಯಾಗುವಾಗ ಅದರ ತಲೆ ಮೆಲ್ಲಗೆ ಸುತ್ತು ಹಾಕುತ್ತದಲ್ಲ, ಭೂಮಿಯ ಅಕ್ಷವೂ ಹಾಗೆ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಋತುಗಳು ಆ ಅಕ್ಷವನ್ನು ಹಿಡಿದು ನಡೆಯುತ್ತವೆ, ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಮಗಳು ಒಂದು ದಿನದ 1,440 ನಿಮಿಷವನ್ನು 20ರಿಂದ ಭಾಗಿಸಿ 72 ಬರೆದಳು. 72 ವರ್ಷಕ್ಕೊಂದು ದಿನ ಹಬ್ಬ ಹಿಂದೆ ಬೀಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವ ಡಿಸೆಂಬರ್ 21ರಿಂದ ಹಬ್ಬದ ಜನವರಿ 14ಕ್ಕೆ 24 ದಿನ, 24 ಸಲ 72 ಎಂದರೆ 1,728. ಹೆಚ್ಚುಕಡಿಮೆ 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು.

ಮಂಗಳವಾರ, ಜನವರಿ 14

ಅಚ್ಚು, ಎಳ್ಳು ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು ತಟ್ಟೆಗೆ ಜೋಡಿಸಿ ಮಕ್ಕಳು 24 ಮನೆಗೂ ಹೋಗಿ ಬೀರಿ ಬಂದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎನ್ನುವುದರ ಜೊತೆಗೆ, ಅಚ್ಚು ಮನೆಯಲ್ಲೇ ಮಾಡಿದ್ದು ಎಂದು ಮಗ ಪ್ರತಿ ಮನೆಯಲ್ಲೂ ಹೇಳಿದನಂತೆ. ಸೊಂಡಿಲಿನ ಆನೆ ದೇವರ ಮುಂದೆ ಇದೆ. ಅದನ್ನು ಕೊಡಲು ಮಗ ಒಪ್ಪಲಿಲ್ಲ.

ಮಧ್ಯಾಹ್ನ 12.32ಕ್ಕೆ ನೆರಳು 66.5 ಸೆಂ.ಮೀ.

ಅಚ್ಚುಗಳನ್ನು ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಹಾಕಿದ್ದೇವೆ. ಗಿಳಿಯ ಜೊತೆ ಬಾಗಿದೆ, ಎರಡು ಹೋಳೂ ಕೂಡುತ್ತಿಲ್ಲ, ಬಡಗಿಯ ಹತ್ತಿರ ತೆಗೆದುಕೊಂಡು ಹೋಗಬೇಕು. ಕೋಲು ತಾರಸಿಯಲ್ಲೇ ಇರುತ್ತದೆ. ಏಪ್ರಿಲ್ 22ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನೆರಳು ಕೋಲಿನ ಬುಡದಲ್ಲಿ ಅಡಗುತ್ತದೆ. ಮಗ ಆ ದಿನಕ್ಕೆ ಕ್ಯಾಲೆಂಡರಿನಲ್ಲಿ ಈಗಲೇ ಆನೆಯ ಚಿತ್ರ ಬರೆದಿಟ್ಟಿದ್ದಾನೆ.