ಮಿಲ್ಲಿನ ಮೇಲು ಮಾಲೀಕರ ಸ್ಪ್ಯಾಮ್‌ನಲ್ಲಿ

ಹೋದ ಜನವರಿಯಲ್ಲಿ ಹೊಸ ತೊಗರಿ ಬಂದಾಗ 1,140 ಜನರಿಗೆ ಒಂದು ಮೇಲ್ ಕಳಿಸಿದೆ. ಕಲಬುರಗಿಯ ಕಪನೂರಿನಲ್ಲಿ ನಮ್ಮ ಕಾಕಾ ಅವರದೊಂದು ಸಣ್ಣ ದಾಲ್ ಮಿಲ್ ಇದೆ. ನೆಹರು ಗಂಜ್ ಮಾರುಕಟ್ಟೆಯಲ್ಲಿ ಮಾಲು ತಗೊಂಡು, ಬೇಳೆ ಮಾಡಿ, ಬೆಂಗಳೂರು, ಪುಣೆ, ಹೈದರಾಬಾದಿನ ಮನೆಗಳಿಗೆ ಐದು ಕಿಲೋ, ಹತ್ತು ಕಿಲೋ ಚೀಲ ಕಳಿಸುತ್ತೇವೆ. ಲೆಕ್ಕ, ವೆಬ್‌ಸೈಟು, ಮೇಲು ಎಲ್ಲಾ ನನ್ನ ತಲೆಗೇ.

ಮೂರು ದಿನ ಕಾದೆವು. ನಾಲ್ಕನೇ ದಿನ ಕಾಕಾ ಕುರ್ಚಿ ಎಳಕೊಂಡು ಕೂತರು. "ಮೇಲ್ ಹೋಗ್ಯಾವ ಅಂತಿ, ಒಬ್ರೂ ಫೋನ್ ಮಾಡಿಲ್ಲಲ್ಲೋ ತಮ್ಮಾ?" ಅವರದೇ ಫೋನ್ ಇಸಕೊಂಡು ನೋಡಿದೆ. ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಮೇಲೊಂದು ಲಾಟರಿ, ಕೆಳಗೊಂದು ಸಾಲದ ಮೇಲು, ನಡುವೆ ನಮ್ಮ ಬೇಳೆ.

ಆ ಮೇಲ್ ಈಗ ನೋಡಿದರೆ ನನಗೇ ನಾಚಿಕೆ. ಸಬ್ಜೆಕ್ಟು: "ಭರ್ಜರಿ ಆಫರ್!!! ಈಗಲೇ ಬುಕ್ ಮಾಡಿ!!!" ಒಳಗೆ ಒಂದೇ ಒಂದು ದೊಡ್ಡ ಪೋಸ್ಟರ್. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕ ಸಂಗತಿ, ರೇಟು, ಫೋನ್ ನಂಬರು, ಎಲ್ಲಾ ಆ ಚಿತ್ರದೊಳಗೆ. ಚಿತ್ರ ಲೋಡ್ ಆಗದಿದ್ದರೆ ಖಾಲಿ ಚೌಕ ಅಷ್ಟೇ.

ಆದರೆ ದೊಡ್ಡ ತಪ್ಪು ಬೇರೆ ಕಡೆ ಇತ್ತು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್ ಪಕ್ಕದ ಮೂರು ಚುಕ್ಕಿ ಒತ್ತಿದರೆ 'ಶೋ ಒರಿಜಿನಲ್' ಅಂತ ಬರುತ್ತದೆ. ಅಲ್ಲಿ ಮೇಲ್ ಅಸಲಿಯೋ ನಕಲಿಯೋ ಅಂತ ನೋಡುವ ಮೂರು ಪರೀಕ್ಷೆಗಳ ಸಾಲು ಕಂಡವು. ಎಸ್‌ಪಿಎಫ್ ಪಾಸ್. ಡಿಕಿಮ್ ಪಾಸ್. ಡಿಮಾರ್ಕ್ ಫೇಲ್. ಎರಡರಲ್ಲಿ ಪಾಸಾಗಿ ಮೂರನೆಯದರಲ್ಲಿ ಫೇಲ್ ಯಾಕೆ ಅಂತ ಅರ್ಧ ರಾತ್ರಿ ತಲೆ ಕೆರಕೊಂಡೆ.

ಗಂಜಿನ ಲೆಕ್ಕದಲ್ಲೇ ಹೇಳುತ್ತೇನೆ. ಡೊಮೇನ್ ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು. ಈ ಡೊಮೇನ್ ಪರವಾಗಿ ಯಾವ ಲಾರಿ ಮಾಲು ಒಯ್ಯಬಹುದು ಅನ್ನುವ ಪಟ್ಟಿ ಎಸ್‌ಪಿಎಫ್. ಚೀಲದ ಬಾಯಿಗೆ ಹಾಕಿದ ಸೀಲು ಡಿಕಿಮ್, ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಅನ್ನೋದಕ್ಕೆ ಗುರುತು. ಚೀಲದ ಮೇಲಿನ ಹೆಸರಿಗೂ ಲಾರಿಯ ಇಲ್ಲವೇ ಸೀಲಿನ ಹೆಸರಿಗೂ ತಾಳೆ ಆಗುತ್ತಾ ಅಂತ ನೋಡುವುದು ಡಿಮಾರ್ಕ್. ನಮ್ಮ ಮೇಲಿನಲ್ಲಿ ಲಾರಿ, ಸೀಲು ಎರಡೂ ಸರಿಯಾಗೇ ಇದ್ದವು. ಆದರೆ ಎರಡರ ಮೇಲೂ ನಮ್ಮ ಪರವಾಗಿ ಎಲ್ಲರಿಗೂ ಒಟ್ಟಿಗೆ ಮೇಲ್ ಕಳಿಸಿಕೊಡುವ ಕಂಪನಿಯ ಹೆಸರು! ಚೀಲದ ಮೇಲೆ ಮಾತ್ರ ನಮ್ಮದು. ಗೇಟಿನಲ್ಲಿ ಹಿಡಿಯದೆ ಬಿಡ್ತಾರಾ?

ಆ ಕಂಪನಿಯ ಸೆಟ್ಟಿಂಗ್ಸ್‌ಗೆ ಹೋಗಿ ನಮ್ಮ ಡೊಮೇನ್ ಸೇರಿಸಿ, ಅವರು ಕೊಟ್ಟ ಸಾಲುಗಳನ್ನು ಡಿಎನ್‌ಎಸ್‌ನಲ್ಲಿ, ಅಂದರೆ ನಮ್ಮ ಡೊಮೇನಿನ ವಿವರ ಎಲ್ಲರಿಗೂ ಕಾಣುವ ದಾಖಲೆಯಲ್ಲಿ, ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುರುಪಿನಲ್ಲಿ ಇನ್ನೊಂದು ಎಸ್‌ಪಿಎಫ್ ಸಾಲನ್ನೂ ಹಾಕಿಬಿಟ್ಟೆ, ಹಳೆಯದು ಇದ್ದಂತೆಯೇ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ 'ಪರ್ಮ್‌ಎರರ್', ಎರಡೂ ಲೆಕ್ಕಕ್ಕಿಲ್ಲ. ಎರಡು ದಿನ ಬಿಟ್ಟು ಹುಮನಾಬಾದಿನ ಕಿರಾಣಿ ಅಂಗಡಿಯವರ ಫೋನು: "ಬಿಲ್ ಎಲ್ಲಿ ಅದ್ರಿ?" ಅಂಗಡಿಗಳಿಗೆ ನಾವು ದಿನಾ ಕಳಿಸುವ ಬಿಲ್ಲುಗಳೂ ಸ್ಪ್ಯಾಮ್ ಸೇರಿದ್ದವು. ಎರಡು ಸಾಲನ್ನು ಒಂದರಲ್ಲೇ ಕೂಡಿಸಿದ ಮೇಲೆ ಸರಿಹೋಯಿತು. ಇದನ್ನು ಕಾಕಾಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಯಾರಿಗೆ ಮೇಲ್ ಕಳಿಸಬೇಕು ಅನ್ನುವ ಲಿಸ್ಟಿನ ಜಗಳ. ಬೆಂಗಳೂರಿನ ಒಂದು ಮೇಳದಲ್ಲಿ ಡಬ್ಬಿ ಇಟ್ಟು ಸೇರಿಸಿದ ನಾನೂರು ವಿಸಿಟಿಂಗ್ ಕಾರ್ಡುಗಳೂ ಅದರಲ್ಲಿದ್ದವು. ಆ ಜನ ಕಾರ್ಡ್ ಕೊಟ್ಟಿದ್ದು ಒಂದು ಹಿಡಿ ಸ್ಯಾಂಪಲ್ ಬೇಳೆಗೆ, ನಮ್ಮ ಮೇಲಿಗಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ರೂಲ್ಸ್ ಬಿಗಿ ಆಗಿವೆ. ಸ್ಪ್ಯಾಮ್ ಅಂತ ಒತ್ತುವವರು ಶೇ. 0.3 ಮುಟ್ಟಬಾರದು, 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಅಂದರೆ ಸಾವಿರಕ್ಕೆ ಮೂರು ಜನ! ನಮ್ಮ ಓಣಿಯಲ್ಲೇ ನನ್ನ ಮೇಲೆ ಸಿಟ್ಟಿರುವವರು ಅದಕ್ಕಿಂತ ಜಾಸ್ತಿ. ದಿನಕ್ಕೆ 5,000 ಮೇಲ್ ಕಳಿಸುವವರು ಡಿಮಾರ್ಕ್ ಹಾಕಿರಲೇಬೇಕು, ಒಂದೇ ಒತ್ತಿಗೆ ಬಿಟ್ಟುಹೋಗುವ ಬಟನ್ನೂ ಕೊಡಲೇಬೇಕು. ನಾವು ಅಷ್ಟು ದೊಡ್ಡವರಲ್ಲ, ಆದರೂ ಆ ಬಟನ್ ಇಟ್ಟೆ.

"ಗಿರಾಕಿಗೆ ನಾವೇ ಬಾಗ್ಲಾ ತೋರ್ಸೋದೇನು?" ಅಂತ ಕಾಕಾ ಸಿಟ್ಟಾದರು.

"ಬಾಗ್ಲಾ ಸಿಗ್ಲಿಲ್ಲ ಅಂದ್ರ ಸ್ಪ್ಯಾಮ್ ಒತ್ತತಾರ್ರಿ ಕಾಕಾ" ಅಂದೆ. ನಾನೂರು ಕಾರ್ಡು ತೆಗೆದುಹಾಕಿದ ದಿನ ಅವರು ನನ್ನ ಜೊತೆ ಚಹಾ ಕುಡಿಯಲಿಲ್ಲ.

ಎರಡನೇ ಮೇಲಿನ ಸಬ್ಜೆಕ್ಟ್ ನಾನು ಬರೆದದ್ದಲ್ಲ. ಕಾಕಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, "ಈ ಸಲ ಬ್ಯಾಳಿ ಸಣ್ಣ ಅದ, ಆದ್ರ ರುಚಿ ಛಲೋ ಅದ." ಹಾಗೇ ಟೈಪ್ ಮಾಡಿದೆ. ಸಬ್ಜೆಕ್ಟಿನ ಪಕ್ಕ ತೆಳ್ಳಗೆ ಕಾಣುವ ಸಾಲಿನಲ್ಲಿ ಮೊದಲು "ಈ ಮೇಲ್ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ" ಅಂತಿತ್ತು. ತೆರೆಯುವ ಮೊದಲೇ ಕಾಣೋದಿಲ್ಲ ಅಂದರೆ ಯಾರು ತೆರೀತಾರೆ! ಆ ಜಾಗದಲ್ಲಿ "ಕುಕ್ಕರಿನಲ್ಲಿ ಮೂರು ಸೀಟಿ ಸಾಕು" ಅಂತ ಹಾಕಿದೆ. ಪೋಸ್ಟರ್ ಇಲ್ಲ, ಅಂಗೈ ಮೇಲೆ ಬೇಳೆ ಇಟ್ಟ ಒಂದು ಫೋಟೋ, ನಾಲ್ಕು ಸಾಲು ಬರಹ.

ಎಷ್ಟು ಜನ ತೆರೆದರು ಅಂತ ಕಾಕಾ ಕೇಳುತ್ತಲೇ ಇದ್ದರು. ಮೇಲಿನೊಳಗಿನ ಚಿತ್ರ ಲೋಡ್ ಆದದ್ದನ್ನೇ ಎಣಿಸುವ ಆ ಲೆಕ್ಕ ನಾನು ನಂಬುವುದಿಲ್ಲ. ಐಫೋನಿನ ಮೇಲ್ ಆ್ಯಪ್ 2021ರಿಂದ ಚಿತ್ರಗಳನ್ನು ತಾನೇ ಮೊದಲು ತರಿಸಿಕೊಳ್ಳುತ್ತದೆ. ಆ ಸೌಲಭ್ಯ ಆನ್ ಇದ್ದರೆ ಮನುಷ್ಯ ನೋಡದಿದ್ದರೂ 'ತೆರೆದರು' ಅಂತ ಬೀಳುತ್ತದೆ. ಅದಕ್ಕೇ ಉತ್ತರ ಬರೆದವರನ್ನಷ್ಟೇ ಎಣಿಸಿದೆ. ಮೂವತ್ತೊಂದು.

ಮೊದಲನೆಯದು ಪುಣೆಯ ಒಬ್ಬ ಅಜ್ಜಿಯದು. "ಬೇಳೆ ಸಣ್ಣ ಅಂದ್ರೆ ರೇಟೂ ಸಣ್ಣದಾ?"

ಕಾಕಾಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ.

"ಇದನ್ನ ಸ್ಪ್ಯಾಮಿಗೆ ಹಾಕು."