ವಯಸ್ಸಲ್ಲ, ತೂಕ ಹೇಳಿ ಅಂದರು

ಸೋಮವಾರ ರಾತ್ರಿ ಮಗಳ ಮೈ ಕಾದ ಹೆಂಚಿನಂತಾಗಿತ್ತು. ಮರುದಿನ ಬೆಳಿಗ್ಗೆ ಚಿಕ್ಕವನು ಮಲಗಿದ, ಮಧ್ಯಾಹ್ನ ಮಾವನವರು, ಸಂಜೆಗೆ ನಾನೂ. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಎಂದು ಬಂತು. ವೈದ್ಯರು ಎಲ್ಲರಿಗೂ ಓಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ ಬರೆದರು. ಜ್ವರ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೇ ಇದರ ಉಪಯೋಗ ಹೆಚ್ಚು ಎಂದರು. ಔಷಧಿ ಒಂದೇ ಆದರೂ ನಾಲ್ಕು ಜನಕ್ಕೆ ನಾಲ್ಕು ಲೆಕ್ಕ!

ನನ್ನದು ಸುಲಭ. 13 ವರ್ಷ ದಾಟಿದವರಿಗೆ ಸಾಮಾನ್ಯವಾಗಿ 75 ಮಿ.ಗ್ರಾಂ., ದಿನಕ್ಕೆ ಎರಡು ಸಲ, 5 ದಿನ. ಮಾವನವರ ಮೂತ್ರಪಿಂಡ ಮೊದಲಿನಿಂದಲೂ ನಿಧಾನ. ಈ ಔಷಧಿ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ ಆದ್ದರಿಂದ, ಹಳೆಯ ರಕ್ತಪರೀಕ್ಷೆಯ ಚೀಟಿ ನೋಡಿ ಅವರಿಗೆ 30 ಮಿ.ಗ್ರಾಂ.ಗೆ ಇಳಿಸಿದರು. ಆ ಚೀಟಿ ಒಯ್ಯುವುದು ನನಗೆ ನೆನಪಾಗದೇ ಹೋಗಿದ್ದರೆ ಎಂದು ಈಗಲೂ ಎದೆ ಝಲ್ಲೆನ್ನುತ್ತದೆ.

ಮಕ್ಕಳ ವಿಷಯಕ್ಕೆ ಬಂದಾಗ "ಏಳು ವರ್ಷ, ಮೂರು ವರ್ಷ" ಎಂದು ಶುರುಮಾಡಿದೆ. "ವಯಸ್ಸಲ್ಲಮ್ಮ, ತೂಕ ಹೇಳಿ" ಅಂದರು. ಮಗಳದು 22 ಕೆ.ಜಿ. ಅಂದೆ. "ಯಾವಾಗ ನೋಡಿದ್ದು?" ಹೋದ ವರ್ಷ. ಅಲ್ಲೇ ನಿಲ್ಲಿಸಿ ತೂಗಿದರೆ 24.5! ಒಂದು ವರ್ಷ ದಾಟಿದ ಮಕ್ಕಳಿಗೆ 15 ಕೆ.ಜಿ.ವರೆಗೆ 30 ಮಿ.ಗ್ರಾಂ., ಅಲ್ಲಿಂದ 23ರವರೆಗೆ 45, 40ರವರೆಗೆ 60, ಅದಕ್ಕೂ ಮೇಲಾದರೆ ದೊಡ್ಡವರಷ್ಟೇ. ನನ್ನ ಹಳೆಯ 22ನ್ನೇ ನಂಬಿದ್ದರೆ ಮಗಳಿಗೆ ಪ್ರತಿ ಹೊತ್ತೂ 15 ಮಿ.ಗ್ರಾಂ. ಕಡಿಮೆ ಬೀಳುತ್ತಿತ್ತು. 14 ಕೆ.ಜಿ.ಯ ಚಿಕ್ಕವನಿಗೆ 30.

ಮನೆಗೆ ಬಂದ ಮೇಲೆ ಇನ್ನೊಂದು. ಚೀಟಿಯಲ್ಲಿ "60 ಮಿ.ಗ್ರಾಂ." ಎಂದಿದೆ, ಬಾಯಿಗೆ ಹಾಕುವ ಸಿರಿಂಜಿನ ಮೇಲೆ ಇರುವುದು ಮಿ.ಲೀ. ಗೆರೆ. ಇವರು ಸಿರಿಂಜ್ ಹಿಡಿದು "60 ಅಂದರೆ ಎಲ್ಲಿಯವರೆಗೆ?" ಎಂದು ಕೇಳಿದಾಗ ನನಗೂ ಉತ್ತರ ಗೊತ್ತಿರಲಿಲ್ಲ. ಔಷಧಿ ಅಂಗಡಿಗೆ ಫೋನು ಮಾಡಿದೆ. ನಮ್ಮ ಬಾಟಲಿಯಲ್ಲಿ 1 ಮಿ.ಲೀ.ಗೆ 6 ಮಿ.ಗ್ರಾಂ., ಹಾಗಾಗಿ ಮಗಳಿಗೆ 10 ಮಿ.ಲೀ., ಮಗನಿಗೆ 5. 2009ರ ಎಚ್1ಎನ್1 (ಹಂದಿಜ್ವರ) ಹಾವಳಿಯಲ್ಲಿ ಅಮೆರಿಕದಲ್ಲೂ ಇಂಥದೇ ಎಡವಟ್ಟಾಗಿ ಎಚ್ಚರಿಕೆ ಹೊರಡಿಸಿದ್ದರಂತೆ: ಸಿರಿಂಜಿನಲ್ಲಿ ಮಿ.ಗ್ರಾಂ., ಚೀಟಿಯಲ್ಲಿ ಚಮಚದ ಲೆಕ್ಕ. ಆಗ ಅಲ್ಲಿ ಸಿಗುತ್ತಿದ್ದ ದ್ರಾವಣ 1 ಮಿ.ಲೀ.ಗೆ 12 ಮಿ.ಗ್ರಾಂ., ನಮ್ಮದರ ಎರಡರಷ್ಟು ಗಟ್ಟಿ ಇತ್ತು. ಗೆಳತಿಯರೇ, ಬಾಟಲಿಯ ಮೇಲಿನ ಆ ಪುಟ್ಟ ಅಂಕಿಯನ್ನು ದಯವಿಟ್ಟು ಓದಿ. ಅರ್ಥವಾಗದಿದ್ದರೆ ನಾಚಿಕೆಪಡದೆ ಕೇಳಿ.

ಮೊದಲ ರಾತ್ರಿ ಚಿಕ್ಕವನು ಕುಡಿದದ್ದನ್ನೆಲ್ಲ ವಾಂತಿ ಮಾಡಿಕೊಂಡ. ಇನ್ನೊಮ್ಮೆ ಕೊಡಲು ಕೈ ಹೋಗಿತ್ತು, ತಡೆದು ವೈದ್ಯರನ್ನು ಕೇಳಿದೆ. ಆಮೇಲೆ ಊಟವಾದ ಮೇಲೆಯೇ ಕೊಟ್ಟೆ, ಹೊಟ್ಟೆಯಲ್ಲಿ ನಿಂತಿತು.

ಮೂರನೆಯ ದಿನವೇ ಜ್ವರ ಇಳಿದು ಇಬ್ಬರೂ ಮಂಚದ ಮೇಲೆ ಕುಣಿಯತೊಡಗಿದರು. ಆದರೂ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ದಿನಕ್ಕೆ ಎರಡರಂತೆ ಹತ್ತೂ ಗುರುತು ತುಂಬುವವರೆಗೆ ಬಿಡಲಿಲ್ಲ. ಮಗನ ಬಾಟಲಿಯಲ್ಲಿ ಒಂದಿಷ್ಟು ಉಳಿದಿತ್ತು. ಮುಂದಿನ ಜ್ವರಕ್ಕೆಂದು ಎತ್ತಿಡದೆ, ಔಷಧಿ ಅಂಗಡಿಗೇ ಒಯ್ದು ಕೊಟ್ಟು ಬಂದೆ.